ತಟ್ಟೆಯ ಮೇಲೆ ಅಂಗೈ

ಭಾಗಣ್ಣ ಶಹಾಪುರದ ಕಡೆಯ ಉಪಕಾಲುವೆಯೊಂದರಲ್ಲಿ ನೀರಿನ ಮಟ್ಟ ನೋಡಿ ಬರೆಯುವ ಕೆಲಸದಲ್ಲಿ ಮೂವತ್ತೊಂದು ವರ್ಷ ಕಳೆದವನು. ಅವನ ಕಣ್ಣು ಬಿದ್ದರೆ ಕೃಷ್ಣೆಯ ನೀರೂ ಎದ್ದು ನಿಂತು ಹಾಜರಿ ಹೇಳುತ್ತಿತ್ತು. ಮೂರು ಸಲ ಹೆಣ್ಣು ನೋಡಲು ಹೊರಟ. ಮೂರು ಸಲವೂ ನಾರಾಯಣಪುರದ ಅಣೆಕಟ್ಟೆಯಿಂದ ನೀರು ಬಿಟ್ಟರು. ನಾಲ್ಕನೆಯ ಸಲ ಅಂಗಿ ಇಸ್ತ್ರಿ ಮಾಡಿಸುವಷ್ಟರಲ್ಲಿ ನಿವೃತ್ತಿಯ ಕಾಗದ ಬಂತು.

ಉಳಿದದ್ದು ಸಂಜೆಯ ಊಟವೊಂದೇ. ಕಾಲುವೆ ದಂಡೆಯ ಅನ್ನಮ್ಮನ ಖಾನಾವಳಿಯಲ್ಲಿ ಒಂದೇ ಉದ್ದನೆಯ ಮೇಜು, ಅದರ ಮೇಲೊಂದು ಟ್ಯೂಬ್‌ಲೈಟು. ಲಾರಿಯವರು, ಹತ್ತಿ ವ್ಯಾಪಾರಿಗಳು ಮೊಣಕೈಗೆ ಮೊಣಕೈ ತಾಗಿಸಿ ಕೂರುತ್ತಿದ್ದರು. ಭಾಗಣ್ಣ ಅವರಿಗೆ ರೊಟ್ಟಿಗೆರಡರಂತೆ ಸುಳ್ಳು ಬಡಿಸುತ್ತಿದ್ದ. ಗೇಟಿಗೆ ಸಿಕ್ಕಿಬಿದ್ದ ಮೀನಿನ ಬೆನ್ನ ಮೇಲೆ ಎಮ್ಮೆಗಳು ಮೇಯುತ್ತಿದ್ದ ಕತೆ ಮುಗಿಯುವುದರೊಳಗೆ ಸಾರಿನ ಬಕೀಟು ಖಾಲಿ.

ಹೀಗಿರುವಾಗ ಅನ್ನಮ್ಮ ಹೈದರಾಬಾದಿನಿಂದ ಎಂಟು ದೀಪ ತರಿಸಿದಳು. ತಂತಿಯ ಹಂಗಿಲ್ಲ. ಗೇಣುದ್ದದ ಕಂಬ, ಮೇಲೊಂದು ಟೋಪಿ. ಹಗಲೆಲ್ಲ ಚಾರ್ಜು ಕುಡಿದು, ಸಂಜೆ ಟೋಪಿ ಮುಟ್ಟಿದರೆ ತುಪ್ಪದಂಥ ಬೆಳಕು. ಉದ್ದನೆಯ ಮೇಜು ಹೋಗಿ ಬೇವಿನ ಮರದಡಿ ಎಂಟು ಪುಟ್ಟ ಮೇಜು ಬಂದವು. ಯಾದಗಿರಿಯಿಂದ ಗಂಡಹೆಂಡಿರು ಬೈಕಿನಲ್ಲಿ ಬಂದು ಪಿಸುಗುಟ್ಟತೊಡಗಿದರು. ಎಲ್ಲರಿಗೂ ತಟ್ಟೆಯಗಲದ ಬೆಳಕು. ಪಕ್ಕದ ಮೇಜು ಅಂದರೆ ಪಕ್ಕದ ತಾಲ್ಲೂಕು. ಕೊನೆಯ ಮೇಜಿನ ಭಾಗಣ್ಣನ ಮೀನನ್ನು ಕೇಳುವವರೇ ಇಲ್ಲ.

ಒಂದು ಸಂಜೆ ಊಟದ ನಡುವೆ ಅವನ ದೀಪ ಆರಿತು. ಉಣ್ಣುವಾಗ ದೀಪ ಆರಿದರೆ ತಟ್ಟೆಯ ಮೇಲೆ ಅಂಗೈ ಮುಚ್ಚಬೇಕು, ಬೆಳಕು ಬರುವವರೆಗೆ ತುತ್ತು ಎತ್ತಬಾರದು. ಅವನ ಅವ್ವ ಕಲಿಸಿದ್ದು. ಹಾಗೆ ಕೂತವನನ್ನು ಕಂಡು ಪಕ್ಕದ ಮೇಜಿನ ಲಾರಿ ಡ್ರೈವರ್ ಇಸ್ಮಾಯಿಲಸಾಬ ತನ್ನ ದೀಪ, ತಟ್ಟೆ ಎತ್ತಿಕೊಂಡು ಬಂದ.

"ಉಣ್ಣು ಕಾಕಾ. ರೊಟ್ಟಿ ಓಡಿ ಹೋಗ್ತೈತೇನು, ಹಂಗ ಹಿಡಕೊಂಡು ಕುಂತಿದಿ?"

ಅಂದು ಮೀನು ಇನ್ನೊಂದು ಮೈಲಿ ಬೆಳೆಯಿತು.

ಮರುದಿನದಿಂದ ದೀಪಗಳನ್ನು ಚಾರ್ಜಿಗೆ ಹಾಕುವ ಕೆಲಸವನ್ನು ಭಾಗಣ್ಣ ತಾನೇ ವಹಿಸಿಕೊಂಡ. ಏಳು ದೀಪಗಳಿಗೆ ಹೊಟ್ಟೆ ತುಂಬ. ತನ್ನ ಮೇಜಿನದಕ್ಕೆ ಎರಡು ರೊಟ್ಟಿಗೆ ಸಾಲುವಷ್ಟು ಮಾತ್ರ. ಅದು ದಿನವೂ ಆರುತ್ತಿತ್ತು, ಇಸ್ಮಾಯಿಲಸಾಬ ದಿನವೂ ಬರುತ್ತಿದ್ದ.

ವಾರ ಕಳೆಯಿತು. "ಇದು ಖರಾಬ್ ಐತಿ, ಬದಲಿ ಮಾಡಸ್ತೀನಿ" ಎಂದ ಅನ್ನಮ್ಮ, ಪರೀಕ್ಷೆಗೆಂದು ಅದನ್ನು ತಾನೇ ಹಗಲೆಲ್ಲ ಚಾರ್ಜಿಗೆ ಹಾಕಿದಳು. ಆ ಸಂಜೆ ಎರಡನೇ ರೊಟ್ಟಿ ಮುಗಿದರೂ ದೀಪ ಆರಲಿಲ್ಲ.

"ಇವತ್ತ ನಿನ್ನ ದೀಪ ಭಾರಿ ಜೋರ್ ಐತಲ್ಲ ಕಾಕಾ!" ಎಂದು ಇಸ್ಮಾಯಿಲಸಾಬ ಕೂತಲ್ಲಿಂದಲೇ ಕೂಗಿ ತನ್ನ ತಟ್ಟೆಗೆ ಬಗ್ಗಿದ.

ಭಾಗಣ್ಣ ಮೂರನೇ ರೊಟ್ಟಿ ಮುರಿದ. ಬಹಳ ಹೊತ್ತು ಕಾದ. ಆಮೇಲೆ, ಉರಿಯುವ ದೀಪದ ಎದುರಿಗೇ, ಮೆಲ್ಲಗೆ ತಟ್ಟೆಯ ಮೇಲೆ ಅಂಗೈ ಮುಚ್ಚಿದ.

ಸಾರು ತಂದ ಅನ್ನಮ್ಮ ನಿಂತಳು. "ದೀಪ ಉರಿಯಾಕತ್ತೈತಲ್ಲೋ ಭಾಗಣ್ಣ. ಉಣ್ಣು."

"ಉಣ್ತೀನ್ರಿ ಅಕ್ಕಾ."

ಕೈ ಮಾತ್ರ ಸರಿಯಲಿಲ್ಲ. ಅನ್ನಮ್ಮ ಬಕೀಟು ಕೆಳಗಿಟ್ಟು ಅವನನ್ನೇ ನೋಡಿದಳು. ನಂತರ ದೀಪದ ಟೋಪಿ ಮುಟ್ಟಿದಳು. ಬೆಳಕು ಹೋಯಿತು.

"ಇಸ್ಮಾಯಿಲಸಾಬ, ಈ ಹಾಳಾದ್ದು ಮತ್ತ ಆರೇತಿ ನೋಡಪ. ನಿಂದು ತಗೊಂಡು ಬಾ."

"ನಂದು ಊಟ ಆತಲ್ಲಕ್ಕಾ" ಅಂದ, ಆಗಲೇ ಕೈ ತೊಳೆಯುತ್ತಿದ್ದ ಇಸ್ಮಾಯಿಲಸಾಬ. ಆದರೂ ದೀಪ ತಂದಿಟ್ಟು ಎದುರಿಗೆ ಕೂತು, ಉಳ್ಳಾಗಡ್ಡಿ ಚೂರೊಂದನ್ನು ಬಾಯಿಗೆ ಹಾಕಿಕೊಂಡ.

"ಹೇಳು, ಆ ಮೀನಿಂದ ಮುಂದ ಏನಾತು?"

ಭಾಗಣ್ಣ ಅಂಗೈ ತೆಗೆದ. ರೊಟ್ಟಿ ತಣ್ಣಗಾಗಿತ್ತು.