ನೀರಿಗೆ ಹೆಪ್ಪು ಕೊಟ್ಟ ಅಣ್ಣ

ಮೊಮ್ಮಗಳು ಹೊಸ ಮೀನಿನ ತೊಟ್ಟಿಯ ಮುಚ್ಚಳ ತೆಗೆದಳು. ಕೆರೆಯಂಚಿನ ಹಸಿಮಣ್ಣಿಗೆ ತುಸು ಉಪ್ಪು ಬೆರೆತಂಥ ವಾಸನೆ. ಅಷ್ಟೇ... ನಾನು ಹಾಸನದ ಬಸ್ ಸ್ಟ್ಯಾಂಡ್ ಹಿಂದಿನ ಆ ಬಣ್ಣದ ಮೀನಿನ ಅಂಗಡಿಯಲ್ಲಿ ನಿಂತಿದ್ದೆ.

ಇಪ್ಪತ್ತು ವರ್ಷದ ಮೇಲಾಯಿತು. ಆಗ ನಾವಿದ್ದದ್ದು ಹೊಳೆನರಸೀಪುರದಲ್ಲಿ. ಇವಳ ತಾಯಿ, ನನ್ನ ಮಗಳು, ಐದನೇ ಕ್ಲಾಸು. ತಟ್ಟೆಯಂತೆ ದುಂಡಗೆ, ಮೈತುಂಬ ಕಪ್ಪು ಚುಕ್ಕಿಯ ಎರಡು ಮೀನು ನೋಡಿ ಅಂಗಡಿ ಬಿಟ್ಟು ಕದಲಲೊಲ್ಲಳು. ಹೊಳೆ ಸಮುದ್ರ ಸೇರುವ ಕಡೆಯ ಮೀನಂತೆ, ಅರೆ ಉಪ್ಪಿನ ನೀರೇ ಬೇಕಂತೆ. ಅಂಗಡಿಯ ಅಣ್ಣ ತೊಟ್ಟಿ ಕೊಟ್ಟರು, ಉಪ್ಪು ಕೊಟ್ಟರು, ಮೀನು ಮಾತ್ರ ಕೊಡಲಿಲ್ಲ.

“ಒಂದು ತಿಂಗಳು ಬರೀ ನೀರು ಮಡಗಕ್ಕ. ದಿನಾ ಚಿಟಿಕೆ ಮೀನಿನ ಕಾಳು ಉದುರ್ಸು. ಕೊಳೆ ತಿನ್ನೋ ಒಳ್ಳೇ ಬ್ಯಾಕ್ಟೀರಿಯ ಹುಟ್ಕಬೇಕು. ಹಾಲು ಮೊಸರಾಯ್ತದಲ್ಲ, ಅಂಗೇ ಕಣಕ್ಕ.”

ಎರಡು ಕ್ಲಾಸು ಓದಿದವಳು ನಾನು, ಬ್ಯಾಕ್ಟೀರಿಯ ಎಂದರೇನು ಗೊತ್ತು? ಆದರೂ ಖಾಲಿ ನೀರಿಗೆ ಊಟ ಹಾಕುವುದರಲ್ಲಿ ಅದೇನೋ ಹಿಗ್ಗು. ಒಂದು ವಾರ ನೀರು ಮೋಡ ಕವಿದಂತೆ ಬೆಳ್ಳಗಾಯಿತು. ಆಮೇಲೊಂದು ಬೆಳಗ್ಗೆ ತಾನೇ ತಿಳಿಯಾಯಿತು... ಕಿಟಕಿಯ ಬಿಸಿಲು ಅದರೊಳಗೆ ತೂಗಾಡುತ್ತಿತ್ತು. ತಾಯಿಮಗಳು ಅದನ್ನೇ ನೋಡುತ್ತ ಕೂರುತ್ತಿದ್ದೆವು.

“ಏನಕ್ಕ, ನೀರು ಸಾಕ್ತಿದ್ದೀಯಾ? ಮರಿ ಯಾವಾಗ ಹಾಕ್ತದೆ?” ಎಂದು ಪಕ್ಕದ ಮನೆಯವಳು ನಗುತ್ತಿದ್ದಳು.

ತಿಂಗಳು ತುಂಬಿತು, ಮೀನು ಬಂದವು. ಕೆಡಿಸಿದವಳು ನಾನೇ. ಶುಕ್ರವಾರ ಹೊಸಿಲು, ದೇವರ ಪಾತ್ರೆ ಎಲ್ಲ ತಿಕ್ಕಿ ತೊಳೆದ ಕೈ ಸುಮ್ಮನಿರಲಿಲ್ಲ. ತೊಟ್ಟಿಯ ನೀರು ಸೋಸುವ ಸ್ಪಂಜು ಲೋಳೆ ಲೋಳೆಯಾಗಿತ್ತಲ್ಲ, ನಲ್ಲಿ ಕೆಳಗೆ ಹಿಡಿದು ಫಳಫಳ ಅನ್ನುವಂತೆ ಹಿಂಡಿದೆ. ಭಾನುವಾರ ಮೀನೆರಡೂ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಮಗಳು ತಟ್ಟೆ ಮುಟ್ಟಲಿಲ್ಲ.

ಹಾಸನದ ಬಸ್ಸು ಹತ್ತಿ ಓಡಿದೆ. ಅಣ್ಣ ಆಗತಾನೆ ಅಂಗಡಿಗೆ ದೀಪ ಹಚ್ಚುತ್ತಿದ್ದರು. ನನ್ನ ಮುಖ ನೋಡಿಯೇ ಕೇಳಿದರು, “ಸ್ಪಂಜು ತೊಳೆದ್ಬುಟ್ಟಾ?”

“ಶುಕ್ರವಾರ ಅಲ್ವಾ ಅಣ್ಣ...”

“ಲಕ್ಷ್ಮೀನ ಕರೆಯಕ್ಕೆ ಓಗಿ ಸ್ಪಂಜಲ್ಲಿದ್ದ ಬ್ಯಾಕ್ಟೀರಿಯಾನ ಆಚೆಗಟ್ಟಿದ್ಯಲ್ಲಕ್ಕ!”

ಅಲ್ಲಿ ಅವರದೇ ಹಳೇ ಉಪ್ಪುನೀರಿನ ತೊಟ್ಟಿಯಿತ್ತು. ಅದರ ಕೊಳಕು ಸ್ಪಂಜನ್ನು ಎತ್ತಿ ಅರ್ಧಕ್ಕೆ ಕತ್ತರಿಸಿದರು. ನಾನು ಕೈ ಚಾಚಲಿಲ್ಲ. “ದೀಪ ಹಚ್ಚಾಯ್ತು, ಇದೂ ಹೆಪ್ಪೇ ಅಲ್ವಾ ಅಣ್ಣ?” ಎಂದೆ. ದೀಪ ಹಚ್ಚಿದ ಮೇಲೆ ನಮ್ಮ ಕಡೆ ಯಾರೂ ಹೆಪ್ಪು ಕೊಡುವುದಿಲ್ಲ, ಈಸಿಕೊಳ್ಳುವುದೂ ಇಲ್ಲ.

“ಆ ಶಾಸ್ತ್ರ ಮೊಸರಿಗೆ. ಮೀನು ಪಂಚಾಂಗ ನೋಡ್ತದಾ? ಇಡ್ಕೊ. ಒಣಗಕ್ಕೆ ಬಿಡ್ಬೇಡ, ಎರಡು ದಿನ ಮೀನಿಗೆ ಕಾಳು ಹಾಕ್ಬೇಡ. ಓಗು!”

ಅವರ ತೊಟ್ಟಿಯ ನೀರಲ್ಲೇ ನೆನೆದಿದ್ದ ಆ ತುಂಡಿನ ಕವರನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ, ಎಳೇ ಕೂಸನ್ನು ಹೊತ್ತವಳಂತೆ... ಎರಡನೇ ದಿನ ಮಧ್ಯಾಹ್ನ ಮೀನು ಕೆಳಗಿಳಿದು ಈಜಿದವು. ಮಗಳು ಎರಡು ಸಲ ಅನ್ನ ಹಾಕಿಸಿಕೊಂಡಳು.

ಆ ಮೀನು ವರ್ಷಗಟ್ಟಲೆ ಬದುಕಿದವು. ಅಣ್ಣನಿಗೆ ಹೇಳಿ ಬರೋಣವೆಂದು ಎಷ್ಟು ಸಲ ಅಂದುಕೊಂಡೆನೋ... ಮಗಳ ಮದುವೆ ಕಾಗದ ಹಿಡಿದು ಹೋದಾಗ ಅಲ್ಲಿ ಜೆರಾಕ್ಸ್ ಅಂಗಡಿಯಿತ್ತು. ಅಣ್ಣ ತೀರಿಕೊಂಡು ಎರಡು ವರ್ಷವಾಗಿತ್ತು. ಮೀನಿಲ್ಲದೆ ಉಳಿದಿದ್ದ ನಮ್ಮ ತೊಟ್ಟಿಯನ್ನೂ ಅದೇ ಮದುವೆ ಗಡಿಬಿಡಿಯಲ್ಲಿ ಬರಿದು ಮಾಡಿ ಬಿಸಿಲಿಗಿಟ್ಟೆವು. ಅವರು ಕೊಟ್ಟ ಹೆಪ್ಪು ಅಲ್ಲಿಗೇ ಒಣಗಿತು.

ಇವತ್ತು ಮೊಮ್ಮಗಳು ತಿಂಗಳಿಡೀ ಸಾಕಿದ ನೀರಿಗೆ ಮೀನು ಬಿಟ್ಟಳು. ಅವು ಒಂದು ಸುತ್ತು ಹಾಕಿ ಗಾಜಿನ ಹತ್ತಿರ ಬಂದು ನಿಂತವು. ನನ್ನ ಎದೆಯಲ್ಲಿ ಹಿಡಿಸಲಾರದಷ್ಟು ಸಂತೋಷ. ಅದನ್ನು ಮೊದಲು ಹೇಳಬೇಕಾದವರೇ ಇಲ್ಲ.