ನೆಗಡಿ, ಮೂಗು ಮತ್ತು ಅತ್ತೆಯ ಸಂಡಿಗೆ

ನ್ಯಾಯಾಲಯದ ತೀರ್ಪುಗಳ ಬಗ್ಗೆ, ವಕೀಲೆಯಾದ ನಾನು ಕನ್ನಡ ಪತ್ರಿಕೆಯೊಂದಕ್ಕೆ ಅಂಕಣ ಬರೆಯುತ್ತೇನೆ. ಬರೆದದ್ದನ್ನು ಮೊದಲು ಓದಿ ಹೇಳುವುದು ನಮ್ಮ ಅತ್ತೆಗೆ. ಅವರಿಗೆ ತಿಳಿಯದ ಸಾಲು ಪತ್ರಿಕೆಗೆ ಹೋಗುವ ಹಾಗಿಲ್ಲ, ಅದು ನಮ್ಮ ಮನೆಯ ಸಂವಿಧಾನ. ಟೆಲಿಫೋನ್ ಕಚೇರಿಯಲ್ಲಿ ದುಡಿದು ನಿವೃತ್ತರಾದವರು, ಸುತ್ತಿ ಬಳಸಿ ಮಾತಾಡಿದರೆ ಅವರಿಗಾಗದು.

ಬೇಗಂಪೇಟೆಯ ಹಳೆಯ ಮನೆ ಬಿಟ್ಟು ಅವರು ಅದೇ ಊರಿನ ಗಚ್ಚಿಬೌಲಿಯಲ್ಲಿರುವ ನಮ್ಮ ಅಪಾರ್ಟ್‌ಮೆಂಟಿಗೆ ಬಂದು ವರ್ಷವಾಗಿತ್ತು. ಆದರೂ ಬಾಯಲ್ಲಿ "ನಿಮ್ಮ ಮನಿ", "ನಿಮ್ಮ ಲಿಫ್ಟು" ಎಂದೇ ಬರುತ್ತಿತ್ತು. ಕೇಳಿದಾಗಲೆಲ್ಲ ನನಗೆ ಚುರ್ರೆನ್ನುತ್ತಿತ್ತು. ಬೇಸಿಗೆ ಬಂದು ಮಾಳಿಗೆಯ ಮೇಲೆ ಸಂಡಿಗೆ ಇಟ್ಟ ದಿನ ಮಾತ್ರ ಅವರ ಮುಖ ಅರಳಿತು. ಆ ವಾರವೇ ಅಸೋಸಿಯೇಷನ್ನಿನವರು ನೋಟಿಸ್ ಅಂಟಿಸಿದರು: ಒಣಹಾಕಿದ್ದನ್ನು ತಿನ್ನಲು ಪಾರಿವಾಳಗಳು ಬಂದು ಗಲೀಜು ಮಾಡುತ್ತಿವೆ, ಇನ್ನು ಮಾಳಿಗೆಗೆ ಬೀಗ.

"ನಿಮ್ಮ ಅಪಾರ್ಟ್‌ಮೆಂಟಿನ್ಯಾಗ ಬಿಸಲಿಗೂ ಬೀಗ ಐತಿ ಬಿಡವಾ," ಎಂದರು ಅತ್ತೆ.

ಆಗ ನಾನು ಬರೆಯುತ್ತಿದ್ದದ್ದು ಹೈಕೋರ್ಟಿನ ಒಂದು ತೀರ್ಪಿನ ಬಗ್ಗೆ. ಒಂದೆರಡು ಅಂಗಡಿಗಳ ಕೊಳಕಿಗೆ ಇಡೀ ಬೀದಿಯ ವ್ಯಾಪಾರವನ್ನೇ ಮುಚ್ಚಿಸಿದ್ದ ಆದೇಶವನ್ನು ನ್ಯಾಯಾಲಯ ರದ್ದು ಮಾಡಿತ್ತು. 'ಅನುಪಾತ ತತ್ವ' ಎಂದು ಓದಿದೊಡನೆ ಅತ್ತೆ ಕೈ ಎತ್ತಿದರು.

"ಇದೇನವಾ, ಗಣಿತ ಕಲಸಾಕತ್ತಿಯೇನು?"

"ಹಂಗಲ್ರಿ ಅತ್ತಿ. ಸರಕಾರದ ಉದ್ದೇಶ ಸರಿ ಇರಬಹುದು. ಆದ್ರ ಸಣ್ಣ ಕ್ರಮದಾಗ ಮುಗಿಯೂದಕ್ಕ ದೊಡ್ಡ ಪೆಟ್ಟು ಹಾಕಬಾರದು."

"ನೆಗಡಿ ಬಂತಂತ ಮೂಗ ಕೊಯ್ಕೋಬ್ಯಾಡ್ರಿ ಅಂತ ಬರಿ. ಮುಗೀತು."

ಅಂಕಣದ ತಲೆಬರಹವೇ ಅದಾಯಿತು. ಅಷ್ಟು ಹೇಳಿದವರು ಕನ್ನಡಕ ತೆಗೆದು ಸೂರು ನೋಡಿದರು. "ಮ್ಯಾಲಿನ ಬೀಗಕ್ಕೂ ಇದ ನ್ಯಾಯ ಅಲ್ಲೇನು?"

"ಹೌದ್ರಿ. ಆದ್ರ ನಾ ಅಸೋಸಿಯೇಷನ್ನಿಗೆ ಕಾನೂನು ಸಲಹೆಗಾರ್ತಿ. ನಮ್ಮ ಮನಿ ಸಂಡಿಗಿ ಪರ ನಾನ ಮಾತಾಡಾಕ ಬರೂದಿಲ್ಲ."

"ನೀ ಯಾಕ? ನನಗ ಬಾಯಿಲ್ಲೇನು?"

ಭಾನುವಾರದ ಅಸೋಸಿಯೇಷನ್ ಸಭೆಗೆ ಇಳಕಲ್ ಸೀರೆ ಉಟ್ಟು ಹೊರಟರು. ಅಲ್ಲಿ ಅವರ ಮಾತು ಅರ್ಧ ದಖನಿ ಉರ್ದು, ಅರ್ಧ ತೆಲುಗು. ಪಾರಿವಾಳದ ಕಾಟ ನಿಜ ಎಂದು ಮೊದಲೇ ಒಪ್ಪಿಕೊಂಡುಬಿಟ್ಟರು. ಅದಕ್ಕೆ ಬೀಗವೇ ಬೇಕೆ? ಒಂದು ಮೂಲೆ ಕೊಡಿ, ಮೇಲೆ ಬಲೆ ಹಾಕುತ್ತೇವೆ, ಒಣಹಾಕಿದವರೇ ಗುಡಿಸುತ್ತೇವೆ, ಆಮೇಲೂ ಗಲೀಜಾದರೆ ಬೀಗ ಹಾಕಿಕೊಳ್ಳಿ ಎಂದರು. ಕೊನೆಗೆ ನೆಗಡಿಯ ಗಾದೆಯನ್ನು ಅಪ್ಪಟ ಕನ್ನಡದಲ್ಲಿ ಹೇಳಿ, ಬೆರಳನ್ನೇ ಚಾಕು ಮಾಡಿ ಮೂಗಿನ ಮೇಲೆ ಎಳೆದು ತೋರಿಸಿದರು. ಯಾರಿಗೂ ಅನುವಾದ ಬೇಕಾಗಲಿಲ್ಲ.

ಮೊದಲು ನಕ್ಕವರು ಅಧ್ಯಕ್ಷರು, ಬಾಲಾನಗರದ ಕಾರ್ಖಾನೆಯಲ್ಲಿ ಇಂಜಿನಿಯರ್ ಆಗಿದ್ದವರು. ಅವರ ಹೆಂಡತಿಗೂ ವಡಿಯಾಲು, ಅಂದರೆ ತೆಲುಗರ ಸಂಡಿಗೆ, ಒಣಗಿಸಲು ಜಾಗವಿರಲಿಲ್ಲವಂತೆ. "ಸರೇ ಅಮ್ಮಗಾರು," ಎಂದು ಒಪ್ಪಿಯೇಬಿಟ್ಟರು. ಕೊನೆಯ ಸಾಲಿನಲ್ಲಿ ನಿಯಮದಂತೆ ಬಾಯಿ ಮುಚ್ಚಿ ಕೂತಿದ್ದ ನಾನು ಹಿಗ್ಗಿ ಹೀರೇಕಾಯಿಯಾದೆ. ಹೈಕೋರ್ಟಿನಲ್ಲೂ ಅಷ್ಟು ಚೊಕ್ಕ ವಾದ ಕೇಳಿದ್ದು ನೆನಪಿಲ್ಲ.

ಮರುದಿನ ಮಾಳಿಗೆಗೆ ಹೋದೆ. ಬಲೆಯ ಕೆಳಗೆ ನಮ್ಮ ಸಂಡಿಗೆ, ಪಕ್ಕದಲ್ಲಿ ಅಧ್ಯಕ್ಷರ ಮನೆಯ ವಡಿಯಾಲು. ಅರ್ಧ ಒಣಗಿದ ಸಂಡಿಗೆಯ ರುಚಿ ಬಲ್ಲವರೇ ಬಲ್ಲರು. ಒಂದನ್ನು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಅತ್ತೆ ಕೈ ಮೇಲೆ ಹೊಡೆದರು.

"ಏ, ಇನ್ನೂ ಒಣಗಿಲ್ಲ! ನಮ್ಮ ಮಾಳಿಗಿಗೆ ಬಂದು ಕಳವು ಮಾಡ್ತಿಯೇನು?"

ನಮ್ಮ ಮಾಳಿಗೆ! ಅದನ್ನು ಮತ್ತೊಮ್ಮೆ ಕೇಳಬೇಕೆಂದೇ ಇನ್ನೊಂದಕ್ಕೆ ಕೈ ಹಾಕಿದೆ.