ಬೇವಿನ ಕಡ್ಡಿ ಸಿಕ್ಕಿಸಿದ ಐಸು

ಮೊನ್ನೆ ಕಬ್ಬಿನಹಾಲಿನ ಗಾಡಿಯವನೊಬ್ಬ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಒದ್ದೆ ಗೋಣಿಚೀಲ ಎಸೆದು ಹೋದ. ಐಸು ಸುತ್ತಿ ತಂದ ಚೀಲ. ಅದಕ್ಕೆ ಅಂಟಿದ್ದ ಭತ್ತದ ಹೊಟ್ಟು ಬಿಸಿಲಿಗೆ ಕಾದು ಹುಳಿ ವಾಸನೆ ಹೊಡೆಯತೊಡಗಿತು. ಕರೆದು ಬೈಯಬೇಕೆಂದು ಬಾಯಿ ತೆರೆದವಳು ಹಾಗೇ ನಿಂತುಬಿಟ್ಟೆ... ನನ್ನ ಬಾಯಿ ಮುಚ್ಚಿಸುವುದು ಸುಲಭವಲ್ಲ. ಹೊಸಪೇಟೆಯಲ್ಲಿ ನನ್ನ ಹತ್ತಿರ ಜಂಪರ್ ಹೊಲಿಸಿದವರಿಗೆಲ್ಲ ಅದು ಗೊತ್ತು. ಆ ವಾಸನೆ ಮುಚ್ಚಿಸಿತು. ಅದು ಐಸ್ ಮಾಮನ ವಾಸನೆ.

ನನ್ನ ಟೇಲರಿಂಗ್ ಅಂಗಡಿಯ ಎದುರಿಗೇ ಅವನ ಐಸ್ ಫ್ಯಾಕ್ಟರಿ ಇತ್ತು. ಫ್ಯಾಕ್ಟರಿ ಎಂದರೆ ಒಂದು ತಗಡಿನ ಶೆಡ್ಡು, ಹಳೆಯ ಮೋಟರು, ಉಪ್ಪುನೀರಿನ ತೊಟ್ಟಿ, ಮೂಗು ಉರಿಸುವ ಗ್ಯಾಸಿನ ಘಾಟು. ಐಸು ಕರಗದಂತೆ ಮುಚ್ಚಲು ಕಂಪ್ಲಿಯ ರೈಸ್ ಮಿಲ್ಲಿನಿಂದ ಹೊಟ್ಟು ಬರುತ್ತಿತ್ತು. ಡ್ಯಾಮಿನ ಮೀನಿನವರು, ಹಂಪಿ ಬಜಾರಿನ ಸೋಡಾದವರು ಬೆಳಿಗ್ಗೆಯೇ ಬಂದು ಗೇಟಿನಲ್ಲಿ ಸಾಲು ನಿಲ್ಲುತ್ತಿದ್ದರು. ಓಣಿಯೆಲ್ಲ ಮಾಮ ಎಂದು ಕರೆಯುತ್ತಿತ್ತು, ಹಾಗಾಗಿ ನನಗೂ ಮಾಮ. ಆರಡಿ ಆಳು, ಕೆಟ್ಟ ಬಾಯಿ, ಅದಕ್ಕಿಂತ ಕೆಟ್ಟ ಕೈ. ಸಾಲು ಮುರಿದವನ ಕೆನ್ನೆಗೆ ಮೊದಲು ಬಾರಿಸುತ್ತಿದ್ದ, ಆಮೇಲೆ ವಿಚಾರಣೆ. ಐಸು ಒಡೆಯುವಾಗ ಹಳೆಯ ಜಗಳ ತೀರಿಸಿಕೊಳ್ಳುವವನ ಹಾಗೆ ಕಬ್ಬಿಣದ ಹಾರೆಯಿಂದ ಕುಟ್ಟುತ್ತಿದ್ದ. ಚೂರುಗಳು ಹಾರಿ ನನ್ನ ಮೆಷಿನ್ನಿನ ತನಕ ಬರುತ್ತಿದ್ದವು. ನಾನು ಇಲ್ಲಿಂದ ಬೈಯುತ್ತಿದ್ದೆ, ಅವನು ಅಲ್ಲಿಂದ. ಮಧ್ಯಾಹ್ನ ಅವನ ಹೆಂಡತಿ, ನಾನು ಅತ್ತಿ ಎಂದು ಕರೆಯುತ್ತಿದ್ದವಳು, ಇಬ್ಬರಿಗೂ ಮಜ್ಜಿಗೆ ಕೊಟ್ಟು ಜಗಳ ನಿಲ್ಲಿಸುತ್ತಿದ್ದಳು.

ಅವನಿಗೊಂದು ನೇಮವಿತ್ತು. ಸತ್ತವರ ಮನೆಯಿಂದ ಯಾರು ಬಂದರೂ ಸಾಲಿಲ್ಲ, ಇಲ್ಲ ಎಂಬ ಮಾತಿಲ್ಲ. ದೂರದೂರಿನ ಮಕ್ಕಳು ಬಂದು ಮುಖ ನೋಡುವ ತನಕ ಹೆಣ ಕೆಡಬಾರದಲ್ಲ. ಬಾಡಿಗೆಯ ಫ್ರೀಜರ್ ಪೆಟ್ಟಿಗೆಗಳು ಊರಿಗೆ ಬಂದ ಮೇಲೂ ಕರೆಂಟು ಹೋದರೆ ಜನ ಅವನ ಗೇಟಿಗೇ ಓಡಿ ಬರುತ್ತಿದ್ದರು. ಹಾಗೆ ಮಾತು ಕೊಟ್ಟ ಐಸಿನ ಗೋಣಿಗೆ ಮಾಮ ಎಲೆ ಸಮೇತ ಒಂದು ಬೇವಿನ ಕಡ್ಡಿ ಸಿಕ್ಕಿಸುತ್ತಿದ್ದ. ಕಡ್ಡಿ ಕಂಡರೆ ಅದು ಹೆಣದ ಐಸು. ಯಾರೂ ಅದರ ಕಡೆ ಕೈ ಚಾಚುತ್ತಿರಲಿಲ್ಲ. ಬದುಕಿದವರ ಮೈಗೆ ಅದು ತಾಗಬಾರದು ಎಂಬ ಹೆದರಿಕೆ ನನಗೂ ಇತ್ತು.

ಒಂದು ವರ್ಷ ಬಿಸಿಲು ಊರಿನ ಮೇಲೆ ಹಗೆ ಸಾಧಿಸಿತು. ಯುಗಾದಿಗೆ ಮೊದಲೇ ಶುರುವಾಗಿತ್ತು. ನೀರಿನ ಟ್ಯಾಂಕರ್ ಬಂದರೆ ಕೊಡಗಳಲ್ಲೇ ಹೊಡೆದಾಟ. ಹಿಂದಿನ ಓಣಿಯ ಒಬ್ಬಾಕೆಯ ಹಲ್ಲು ಮುರಿದು ಕೊಡದೊಳಗೆ ಬಿತ್ತು. ಆಕೆ ಹಲ್ಲು ತೆಗೆದೆಸೆದು ನೀರು ಹೊತ್ತುಕೊಂಡು ಹೋದಳು. ಸಂಡೂರಿನ ಅದಿರು ಲಾರಿಗಳ ಧೂಳು ಉಗುಳಿದ ಎಂಜಲಿನಲ್ಲೂ ಕೆಂಪಗೆ ಕಾಣುತ್ತಿತ್ತು. ಅಂಥ ಹೊತ್ತು ನೋಡಿಯೇ ನಮ್ಮ ರಸ್ತೆ ಅಗಲ ಮಾಡಲು ಬಂದರು. ಎರಡೂ ಬದಿಯ ಹುಣಸೆಮರಗಳನ್ನು ಗರಗಸದ ಮೆಷಿನ್ನಿನಿಂದ ಕೊಯ್ದು ಕೆಡವಿದರು. ಒಂದು ಮರಕ್ಕೆ ಹತ್ತು ಸಸಿ ನೆಡುತ್ತೇವೆ ಎಂದರು. ನೆಟ್ಟರು ಕೂಡ, ಸುತ್ತ ಕಬ್ಬಿಣದ ಪಂಜರ ಹಾಕಿ. ಸಸಿಗಳು ಆ ಬೇಸಿಗೆಯಲ್ಲೇ ಸತ್ತವು. ಪಂಜರಗಳು ಇನ್ನೂ ಇವೆ, ನಾನು ಅವುಗಳ ಮೇಲೆ ಲಂಗ ಒಣಹಾಕುತ್ತೇನೆ.

ಡಾಂಬರು ಹಾಕಲು ಬಂಡ್ರಿ ಕಡೆಯ ಹೆಣ್ಣಾಳುಗಳು ಬಂದಿದ್ದರು. ಒಂದು ದಿನ ಬೆಳಗಿನಿಂದ ಕರೆಂಟಿರಲಿಲ್ಲ. ನಡುಮಧ್ಯಾಹ್ನ ಅವರಲ್ಲೊಬ್ಬಳು ಜಲ್ಲಿಯ ಪುಟ್ಟಿ ಸಮೇತ ನನ್ನ ಮೆಟ್ಟಿಲ ಮೇಲೆ ಬಿದ್ದಳು. ಮುಟ್ಟಿದರೆ ಮೈ ಕಾದ ಹೆಂಚು. ಒಂದು ಹನಿ ಬೆವರಿಲ್ಲ. ಕಣ್ಣುಗಳು ಮೇಲೆ ಸಿಕ್ಕಿಕೊಂಡಿದ್ದವು, ಕೈಕಾಲು ನೆಲಕ್ಕೆ ಬಡಿಯುತ್ತಿದ್ದವು. ಆಂಬುಲೆನ್ಸಿಗೆ ಫೋನ್ ಮಾಡಿದರೆ ಡ್ಯಾಂ ಕಡೆ ಹೋಗಿದೆ, ಕಾಯಿರಿ ಎಂದರು. ಕಾಯುವಂತಿರಲಿಲ್ಲ. ನಾನೂ ಅವಳ ಜೊತೆಯವಳೂ ಸೇರಿ ಅವಳನ್ನು ಎಳೆದುಕೊಂಡೇ ರಸ್ತೆ ದಾಟಿ ಮಾಮನ ಶೆಡ್ಡಿಗೆ ಹೋದೆವು.

ಶೆಡ್ಡಿನಲ್ಲಿ ಉಳಿದಿದ್ದದ್ದು ಒಂದೇ ಐಸಿನ ಗಡ್ಡೆ. ಅದರ ಗೋಣಿಗೆ ಬೇವಿನ ಕಡ್ಡಿ ಸಿಕ್ಕಿಸಿಯಾಗಿತ್ತು. ಹಿಂದಿನ ಬೀದಿಯ ಕಿರಾಣಿ ಅಂಗಡಿಯ ಯಜಮಾನರು ಬೆಳಿಗ್ಗೆ ತೀರಿಕೊಂಡಿದ್ದರು. ಒಬ್ಬಳೇ ಮಗಳು ರೈಲಿನಲ್ಲಿ ಬರುತ್ತಿದ್ದಳು. ಕರೆಂಟಿಲ್ಲದೆ ಫ್ರೀಜರ್ ಪೆಟ್ಟಿಗೆ ನಿಂತಿತ್ತು. ಯಜಮಾನರ ತಮ್ಮಂದಿರ ಮಕ್ಕಳು ತಳ್ಳುಗಾಡಿ ತಂದು ಐಸು ಎತ್ತುವ ಇಕ್ಕಳ ಕೈಗೆ ತೆಗೆದುಕೊಂಡಾಗಿತ್ತು.

"ಮಾಮ, ಈಕಿ ಸಾಯ್ತಾಳ," ಎಂದೆ.

ಮಾಮ ಅವಳನ್ನು ನೋಡಿದ, ಐಸನ್ನು ನೋಡಿದ. ಜೊತೆಯವಳು ನನ್ನ ಸೆರಗು ಜಗ್ಗಿದಳು. "ಹೆಣದ ಐಸ್ ಹಚ್ಚಬ್ಯಾಡ್ರಿ ಅಕ್ಕಾರ. ಅಕಿ ಉಳಿಯಂಗಿಲ್ಲ."

ಮಾಮ ಗೋಣಿಯಿಂದ ಬೇವಿನ ಕಡ್ಡಿ ಕಿತ್ತು ತನ್ನ ಬಾಯಲ್ಲಿ ಹಾಕಿಕೊಂಡು ಎಲೆ ಸಮೇತ ಕಚಕಚ ಅಗಿದುಬಿಟ್ಟ. "ಈಗ ಕಡ್ಡಿ ಇಲ್ಲ. ನೀರು ಸುರಿ ನೀನು," ಎಂದು ಜೊತೆಯವಳನ್ನು ಗದರಿದ.

ಆಮೇಲೆ ಗಡ್ಡೆಗೆ ಹೊಡೆದ ಏಟು ನನ್ನ ಕಿವಿಯಲ್ಲಿ ಇನ್ನೂ ಇದೆ. ಚೂರುಗಳನ್ನು ಬಾಚಿ ಅವಳ ಕಂಕುಳಿಗೆ, ಕತ್ತಿಗೆ, ತೊಡೆಸಂದಿಗೆ ಒತ್ತಿ ಹಿಡಿದ. ತಳ್ಳುಗಾಡಿಯ ಹುಡುಗರು ನುಗ್ಗಿ ಬಂದರು. "ನಮ್ಮ ದೊಡ್ಡಪ್ಪನ ಹೆಣ ಕೊಳಿಬೇಕೇನಲೇ," ಎಂದು ಒಬ್ಬ ಇಕ್ಕಳ ಬೀಸಿದ. ಅದು ಮಾಮನ ಬೆನ್ನಿಗೆ ಬಿತ್ತು. ಎರಡನೆಯದು ತಲೆಗೆ. ರಕ್ತ ಐಸಿನ ಮೇಲೆ ಸುರಿಯಿತು. ಊರಿಗೆಲ್ಲ ಹೊಡೆಯುತ್ತಿದ್ದವನು ಅವತ್ತು ಕೈ ಎತ್ತಲಿಲ್ಲ. ಎತ್ತಿದರೆ ಐಸು ಜಾರುತ್ತಿತ್ತು. ಅವಳ ಮೇಲೆ ಬಾಗಿಕೊಂಡು ಅಷ್ಟೂ ಏಟು ತಿಂದ. ಒಬ್ಬ ಅವನ ಎಡಗೈಯನ್ನೇ ಗುರಿ ಮಾಡಿ ಹೊಡೆದಾಗ ಮಣಿಕಟ್ಟು ಮುರಿದ ಸದ್ದು ಒಣ ಕಟ್ಟಿಗೆ ಮುರಿದಷ್ಟು ಸ್ಪಷ್ಟವಾಗಿ ಕೇಳಿಸಿತು. ಮುರಿದ ಕೈ ತೆಗೆದು ಬಲಗೈಯಿಂದ ಒತ್ತಿದ.

ನಾನು ಅಂಗಡಿಗೆ ಓಡಿ ಬಟ್ಟೆ ಅಳೆಯುವ ಗಜಕಟ್ಟಿಗೆ ತಂದು ಸಿಕ್ಕವನ ಕಿವಿಗೆ ಬಾರಿಸಿದೆ. ಕಟ್ಟಿಗೆ ಎರಡು ತುಂಡಾಯಿತು. ನನ್ನ ಕೂದಲು ಹಿಡಿದು ಯಾರೋ ನೆಲಕ್ಕೆ ಕೆಡವಿದರು. ಅಷ್ಟರಲ್ಲಿ ಅತ್ತಿ ತೊಟ್ಟಿಯ ಉಪ್ಪುನೀರನ್ನು ಬಕೀಟಿನಲ್ಲಿ ಮೊಗೆದು ಅವರ ಕಣ್ಣಿಗೆ ಎರಚಿದಳು. ಕಣ್ಣುಜ್ಜುತ್ತ, ಬೈಯುತ್ತ, ಖಾಲಿ ಗಾಡಿ ತಳ್ಳಿಕೊಂಡು ಹೋದರು. ನೆಲದ ತುಂಬ ಕೆಂಪು ನೀರು. ಅದರ ನಡುವೆ ಆ ಹೆಣ್ಣುಮಗಳು ಗಡಗಡ ನಡುಗಿ, "ಥಂಡಿ..." ಎಂದಳು. ಆಂಬುಲೆನ್ಸು ಆಮೇಲೆ ಬಂತು. ಅವಳು ಉಳಿದಳು.

ಯಜಮಾನರ ಹೆಣವನ್ನು ಮಗಳು ಬರುವ ತನಕ ಇಡಲಾಗಲಿಲ್ಲ. ಆ ಸಂಜೆಯೇ ಸುಟ್ಟರು. ಮರುದಿನ ಬಂದ ಮಗಳು ಬೂದಿ ನೋಡಿ ನೆಟ್ಟಗೆ ಫ್ಯಾಕ್ಟರಿಗೆ ಬಂದಳು. ತಲೆಗೆ ಬ್ಯಾಂಡೇಜು, ಕೈಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ ಮಾಮನ ಕೆನ್ನೆಗೆ ಹೊಡೆದಳು. "ನಮ್ಮಪ್ಪನ ಮುಖ ನೋಡಾಕ ಬಿಡಲಿಲ್ಲ ನೀನು," ಎನ್ನುತ್ತ ಮತ್ತೆ ಮತ್ತೆ ಹೊಡೆದಳು. ಬಿಡಿಸಲು ಹೋದ ನನ್ನನ್ನು ಮಾಮ ಕಣ್ಣಲ್ಲೇ ತಡೆದ. "ಹೊಡಿಯವ್ವ," ಎಂದ, ಅಷ್ಟೇ. ಕೈ ಸೋತ ಮೇಲೆ ಅವಳು ಹೊಟ್ಟಿನ ರಾಶಿಯ ಮೇಲೆ ಕುಸಿದು ಅತ್ತಳು. ಅವಳ ಮೇಲೆ ನನಗೆ ಸಿಟ್ಟೇ ಬರಲಿಲ್ಲ.

ಮಾಮನ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತು. ಹೆಣದ ಐಸನ್ನು ಬದುಕಿದವರಿಗೆ ಹಚ್ಚಿದವನು ಎಂದು ಗಿರಾಕಿಗಳು ದೂರವಾದರು, ಫ್ಯಾಕ್ಟರಿ ಮುಚ್ಚಿತು. ಊರು ಮಾತ್ರ ನಿಧಾನಕ್ಕೆ ಬಿಸಿಲಿನ ಲೆಕ್ಕ ಕಲಿಯಿತು. ಈಗ ಸಿಗ್ನಲ್ಲಿನಲ್ಲಿ ಹಸಿರು ಪರದೆ ಕಟ್ಟುತ್ತಾರೆ. ಮಧ್ಯಾಹ್ನ ರಸ್ತೆ ಕೆಲಸ ನಿಲ್ಲಿಸುತ್ತಾರೆ. ಆಸ್ಪತ್ರೆಯಲ್ಲಿ ಬಿಸಿಲು ಬಡಿದವರಿಗೆಂದೇ ಒಂದು ಕೋಣೆ, ಅದರಲ್ಲಿ ಐಸಿನ ಡಬ್ಬ. ಉದ್ಘಾಟನೆಗೆ ಶಾಲು ಹೊದಿಸಿಕೊಂಡವರು ಬಹಳ ಮಂದಿ. ಮುರಿದ ಕೈಯವನನ್ನು ಯಾರೂ ಕರೆಯಲಿಲ್ಲ. "ಕರೆದಿದ್ರ ಹೋಗ್ತಿದ್ದೇನು?" ಎಂದು ಕೇಳಿದ್ದಕ್ಕೆ ನನ್ನನ್ನು ಓಣಿಗೆಲ್ಲ ಕೇಳುವಂತೆ ಬೈದ.

ಈ ಬೇಸಿಗೆಯಲ್ಲಿ ಮಾಮ ಹೋದ. ಅವನ ಅಕ್ಕ ರಾಯಚೂರಿನಿಂದ ಹೊರಟಿದ್ದಳು. ಅವತ್ತೂ ಕರೆಂಟು ಕೈಕೊಟ್ಟಿತು. ನಾನು ಆಟೋ ಮಾಡಿಕೊಂಡು ಹೊಸ ಐಸ್ ಪ್ಲಾಂಟಿಗೆ ಹೋಗಿ ಒಂದು ಗಡ್ಡೆ ತಂದೆ. ದಾರಿಯಲ್ಲಿ ಇಳಿದು ಬೇವಿನ ಕಡ್ಡಿ ಮುರಿದು ಗೋಣಿಗೆ ಸಿಕ್ಕಿಸಿದೆ. ಅತ್ತಿ ಬಾಗಿಲಲ್ಲೇ ಅಡ್ಡ ನಿಂತಳು.

"ಬ್ಯಾಡ. ದವಾಖಾನಿಗೆ ಕೊಟ್ಟು ಬಾ."

"ಮಾಮನ ಅಕ್ಕ ಮುಖ ನೋಡಬ್ಯಾಡೇನು?"

"ಅವರೇ ಹೇಳಿ ಹೋಗ್ಯಾರ. ಆ ಹುಡುಗಿಗೆ ಅಪ್ಪನ ಮುಖ ತೋರಸಲಿಲ್ಲ ನಾನು, ನನ್ನ ಮುಖಕ್ಕೂ ಯಾರೂ ಕಾಯೋದು ಬ್ಯಾಡ ಅಂತ."

ಆಸ್ಪತ್ರೆಯ ನರ್ಸು ಚಿಕ್ಕ ಹುಡುಗಿ. ಗೋಣಿ ಬಿಚ್ಚುವಾಗ ಬೇವಿನ ಕಡ್ಡಿ ಕೈಗೆ ಚುಚ್ಚಿತೆಂದು ಕಿತ್ತು ಕಸದ ಡಬ್ಬಿಗೆ ಹಾಕಿದಳು. ಒಳಗೆ ಗಾರೆ ಕೆಲಸದವನೊಬ್ಬ ಕೈಕಾಲು ಬಡಿಯುತ್ತ ಮಲಗಿದ್ದ. ಐಸು ಒಡೆಯುವ ಸದ್ದು ಕೇಳಿಸಿತು. ಮಾಮನನ್ನು ಸುಟ್ಟ ಮೇಲೆ ಸಂಜೆ ಬಂದ ಅವನ ಅಕ್ಕ, ಆ ಮುದುಕಿ, ನನ್ನ ಎದೆಗೆ ಗುದ್ದಿ ಗುದ್ದಿ ಅತ್ತಳು. ನಾನು ಹಾಗೇ ನಿಂತುಕೊಂಡೆ.

ಮೊನ್ನೆ ಗೋಣಿಚೀಲ ಎಸೆದಿದ್ದ ಕಬ್ಬಿನಹಾಲಿನವನು ಸ್ವಲ್ಪ ಹೊತ್ತಿಗೆ ತಿರುಗಿ ಬಂದ. ನಾನು ಚೀಲವನ್ನು ಅವನ ಎದೆಗೇ ಎಸೆದು ಬಾಯಿಗೆ ಬಂದ ಹಾಗೆ ಬೈದೆ. "ತಪ್ಪಾತ್ರಿ ಅಕ್ಕಾರ," ಎಂದು ತಲೆ ತಗ್ಗಿಸಿಕೊಂಡು ಹೋದ. ಎದುರಿನ ಶೆಡ್ಡಿಗೆ ಬೀಗ ಬಿದ್ದಿದೆ... ನಾನು ಒಂದು ಬೈದರೆ ತಿರುಗಿ ಎರಡು ಬೈಯುವವರು ಈ ರಸ್ತೆಯಲ್ಲಿ ಈಗ ಯಾರೂ ಇಲ್ಲ.